ತಂತ್ರಾಂಶದ ಇತಿಹಾಸವನ್ನು ಜೋಪಾನವಾಗಿ ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ಸರಿಯಾಗಿ ನಡೆಯುತ್ತಿದ್ದ ತಂತ್ರಾಂಶವು ಹೊಸ ಆವೃತ್ತಿ ಬಂದ ಕೂಡಲೇ ಕೆಟ್ಟರೆ ಬಳಕೆದಾರರಿಗೆ ಆಗುವ ತೊಂದರೆ, ಯಾವುದೋ ಒಂದು ಸೌಲಭ್ಯ ಮೊದಲಿನಿಂದಲೂ ಇಲ್ಲದಿರುವುದಕ್ಕಿಂತ ಎಷ್ಟೋ ದೊಡ್ಡದು. ಅವರು ಅದನ್ನು ನಂಬಿ ತಮ್ಮ ಕೆಲಸವನ್ನು ಆಗಲೇ ಹೊಂದಿಸಿಕೊಂಡಿರುತ್ತಾರೆ. ರಿಗ್ರೆಶನ್ ಎನ್ನುವ ಇಂಥ ದೋಷಗಳ ಮೂಲ ಹುಡುಕಲು ನಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಕೋಡ್‌ನ ಬದಲಾವಣೆಗಳ ಇತಿಹಾಸ. ಆ ಇತಿಹಾಸವನ್ನು ಹುಡುಕಾಟಕ್ಕೆ ಯೋಗ್ಯವಾಗಿ ಇಟ್ಟುಕೊಳ್ಳುವುದರಲ್ಲಿ ನಮ್ಮ ವೃತ್ತಿಯವರು ತೋರುವ ಉದಾಸೀನವೇ ಈ ಪತ್ರಕ್ಕೆ ಕಾರಣ.

ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡಲು ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ಎಂಬ ತಂತ್ರಾಂಶದಲ್ಲಿ ಬೈಸೆಕ್ಟ್ ಎಂಬ ಆದೇಶವಿದೆ. ಒಮ್ಮೆಗೆ ದಾಖಲಿಸಿದ ಬದಲಾವಣೆಗಳ ಒಂದು ಕಂತಿಗೆ ಗಿಟ್‌ನಲ್ಲಿ ಕಮಿಟ್ ಎಂದು ಹೆಸರು. ಕೆಟ್ಟಿರುವ ಒಂದು ಕಮಿಟ್ ಮತ್ತು ಹಿಂದೆ ಸರಿಯಿದ್ದ ಒಂದು ಕಮಿಟ್ ಯಾವುವೆಂದು ತಿಳಿಸಿದರೆ, ಅದು ನಡುವಿನ ಒಂದು ಕಮಿಟ್ ತೆಗೆದುಕೊಟ್ಟು ಪರೀಕ್ಷಿಸಲು ಹೇಳುತ್ತದೆ. ನಾವು ಕೊಡುವ ಪ್ರತಿ ಉತ್ತರಕ್ಕೂ ಹುಡುಕಬೇಕಾದ ವ್ಯಾಪ್ತಿ ಅರ್ಧಕ್ಕೆ ಇಳಿಯುತ್ತದೆ. 1,000 ಕಮಿಟ್‌ಗಳಿದ್ದರೆ ಸುಮಾರು 10 ಪರೀಕ್ಷೆ ಸಾಕು, 16,000 ಇದ್ದರೂ 14ರ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರತಿ ಬಿಡುಗಡೆಗೂ 10,000ಕ್ಕಿಂತ ಹೆಚ್ಚು ಬದಲಾವಣೆಗಳು ಸೇರುವ ಲಿನಕ್ಸ್ ಕರ್ನೆಲ್‌ನಂಥ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಯೋಜನೆಯಲ್ಲಿ, ಕೋಡ್‌ನ ಒಳಹೊರಗು ಅರಿಯದ ಬಳಕೆದಾರರೂ ದೋಷ ತಂದ ಕಮಿಟ್ ಅನ್ನು ತಾವೇ ಗುರುತಿಸಿಕೊಡಲು ಸಾಧ್ಯವಾಗಿರುವುದು ಇದರಿಂದಲೇ.

ಒಂದು ಉದಾಹರಣೆ ನೋಡೋಣ. ವರದಿಯಲ್ಲಿ ಕೆಲವು ನಮೂದುಗಳಿಗೆ ಮಾತ್ರ ಹಿಂದಿನ ದಿನದ ತಾರೀಖು ಬೀಳುತ್ತಿದೆ ಎಂದುಕೊಳ್ಳಿ. ಎಲ್ಲರ ಸಂಶಯವೂ ಈಚೆಗೆ ತಿದ್ದಿದ ವರದಿ ಪುಟದ ಮೇಲೆಯೇ ಹೋಗುತ್ತದೆ, ಎಷ್ಟು ಹೊತ್ತು ಓದಿದರೂ ಅಲ್ಲಿ ತಪ್ಪು ಕಾಣುವುದಿಲ್ಲ. ಬೈಸೆಕ್ಟ್ ತೋರಿಸುವುದು ಯಾರೂ ಎಣಿಸದ ಇನ್ನೊಂದು ಕಡತವನ್ನು: ದಿನಾಂಕ ಉಳಿಸುವ ಫಂಕ್ಷನ್‌ನಲ್ಲಿ ಸ್ಥಳೀಯ ಸಮಯದ ಬದಲು ಯುಟಿಸಿ (ಜಗತ್ತಿನ ಪ್ರಮಾಣಿತ ಸಮಯ) ಬಳಸಿದ ಒಂದೇ ಒಂದು ಸಾಲು. ಯುಟಿಸಿಗಿಂತ ಮುಂದಿರುವ ಕಾಲವಲಯಗಳಲ್ಲಿ ನಡುರಾತ್ರಿ ಕಳೆದು ಕೆಲವು ಗಂಟೆಗಳವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ ಇರುವುದರಿಂದ, ಆ ಹೊತ್ತಿನ ನಮೂದುಗಳು ಮಾತ್ರ ಕೆಡುತ್ತವೆ. ಆ ಸಾಲು ಪುಟ್ಟ ಕಮಿಟ್ ಒಂದರಲ್ಲಿದ್ದರೆ ತೆರೆದ ತಕ್ಷಣ ಕಣ್ಣಿಗೆ ಬೀಳುತ್ತದೆ. ಹತ್ತಾರು ಕಡತಗಳನ್ನು ಒಟ್ಟಿಗೆ ತಿದ್ದಿ, ‘ಸಣ್ಣಪುಟ್ಟ ಸುಧಾರಣೆ’ ಎಂದಷ್ಟೇ ಬರೆದು ಸೇರಿಸಿದ ಕಮಿಟ್‌ನಲ್ಲಿದ್ದರೆ ಹುಡುಕಾಟ ಅಲ್ಲಿಂದ ಮತ್ತೆ ಶುರುವಾಗಬೇಕು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಇತಿಹಾಸ ನೋಡಲು ಚೆನ್ನಾಗಿರಲಿ ಎಂದು ವಾರಗಟ್ಟಲೆಯ ಕೆಲಸವನ್ನು ಒಂದೇ ಕಮಿಟ್‌ಗೆ ಸ್ಕ್ವಾಷ್ ಮಾಡುವ, ಅಂದರೆ ಒತ್ತಿ ಸೇರಿಸಿಬಿಡುವ, ಪದ್ಧತಿ ಬಹಳ ಕಡೆ ಇದೆ. ಇದಕ್ಕೆ ತದ್ವಿರುದ್ಧವಾಗಿ, ಬಿಲ್ಡ್ ಕೂಡ ಆಗದ (ಓಡಿಸಬಲ್ಲ ಪ್ರೋಗ್ರಾಂ ಆಗಿ ಸಿದ್ಧವಾಗದ) ಅರೆಬರೆ ಕಮಿಟ್‌ಗಳನ್ನು ಹಾಗೆಯೇ ಮುಖ್ಯ ಶಾಖೆಗೆ ತಳ್ಳುವವರೂ ಇದ್ದಾರೆ. ಅಂಥ ಕಮಿಟ್‌ಗಳನ್ನು ಪರೀಕ್ಷಿಸಲಾಗದೆ ಬಿಟ್ಟು ಮುಂದೆ ಹೋಗಬೇಕಾಗುತ್ತದೆ, ಸಾಲಾಗಿ ಹಲವು ಬಿಟ್ಟರೆ ಬೈಸೆಕ್ಟ್ ಕೊನೆಗೆ ಒಂದರ ಬದಲು ಅನುಮಾನಿತ ಕಮಿಟ್‌ಗಳ ಪಟ್ಟಿಯನ್ನೇ ಕೈಗಿಡುತ್ತದೆ. ಪ್ಯಾಚ್‌ಗಳ (ಸೇರಿಸಲು ಕಳುಹಿಸಿದ ಬದಲಾವಣೆಗಳ) ಸರಣಿಯಲ್ಲಿ ಪ್ರತಿಯೊಂದನ್ನು ಸೇರಿಸಿದ ಮೇಲೂ ಕರ್ನೆಲ್ ಸರಿಯಾಗಿ ಬಿಲ್ಡ್ ಆಗಿ ನಡೆಯಬೇಕು ಎಂಬ ಲಿನಕ್ಸ್ ನಿಯಮದ ಹಿಂದಿರುವುದು ಇದೇ ಕಾಳಜಿ. ಒಂದು ಬದಲಾವಣೆಗೆ ಒಂದು ಕಮಿಟ್, ಪ್ರತಿ ಕಮಿಟ್ ಸ್ವತಂತ್ರವಾಗಿ ನಡೆಯುವಂಥದ್ದು, ಏಕೆ ಬದಲಿಸಿದೆವು ಎಂಬುದಕ್ಕೆ ಎರಡು ವಾಕ್ಯಗಳ ವಿವರಣೆ. ಕೆಲಸದ ಗಡಿಬಿಡಿಯಲ್ಲಿ ಇಷ್ಟಾದರೂ ಕಷ್ಟವೆನ್ನುವವರು, ದೋಷ ಹುಡುಕುತ್ತ ಕೂರುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರೀಕ್ಷೆಯನ್ನು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂಗೆ ಒಪ್ಪಿಸಿದರೆ ಬೈಸೆಕ್ಟ್ ತಾನಾಗಿಯೇ ಕೊನೆಯವರೆಗೆ ಓಡುತ್ತದೆ: ಸ್ಕ್ರಿಪ್ಟ್ 0 ಹಿಂದಿರುಗಿಸಿದರೆ ಸರಿ, 1 ಎಂದರೆ ಕೆಟ್ಟದ್ದು, 125 ಎಂದರೆ ಪರೀಕ್ಷಿಸಲಾಗದ್ದು. ಆದರೆ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಟೆಸ್ಟ್ ಅನ್ನು ನೆಚ್ಚಿದರೆ, ಒಂದೇ ಒಂದು ತಪ್ಪು ಉತ್ತರದಿಂದ ಇಡೀ ಹುಡುಕಾಟ ದಾರಿ ತಪ್ಪಿ ನಿರಪರಾಧಿ ಕಮಿಟ್ ಒಂದರ ಮುಂದೆ ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಗಡಿಯಾರವನ್ನೂ ಕಾಲವಲಯವನ್ನೂ ಸ್ಥಿರವಾಗಿಡದ ಟೆಸ್ಟ್, ಬೆಳಗಿನ ಜಾವ ಒಂದು ಉತ್ತರ ಕೊಟ್ಟು ಮಧ್ಯಾಹ್ನ ಇನ್ನೊಂದು ಕೊಡುತ್ತಿತ್ತು.

ಸಿಕ್ಕಿದ ಕಮಿಟ್ ಬರೆದವರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸುವುದೂ ಸಲ್ಲದು. ಎಷ್ಟೋ ಸಲ ಆ ಬದಲಾವಣೆ ಸರಿಯಾಗಿಯೇ ಇದ್ದು, ಬೇರೆಲ್ಲೋ ಬಹುಕಾಲದಿಂದ ಅಡಗಿದ್ದ ದೋಷವನ್ನು ಹೊರಗೆಳೆದಿರುತ್ತದೆ. ಬೈಯುವ ವಾತಾವರಣ ಇರುವ ತಂಡದಲ್ಲಿ ಜನ ಸ್ಪಷ್ಟವಾದ ಸಣ್ಣ ಕಮಿಟ್ ಬರೆಯಲು ಹಿಂಜರಿಯುತ್ತಾರೆ.

ಗಿಟ್ ಕಲಿಸುವ ಶಿಕ್ಷಕರು ಕಮಿಟ್ ಮತ್ತು ಮರ್ಜ್‌ಗೆ (ಶಾಖೆಗಳ ಜೋಡಣೆಗೆ) ನಿಲ್ಲಿಸದೆ, ಬೇಕೆಂದೇ ದೋಷವೊಂದನ್ನು ಸೇರಿಸಿದ ಇತಿಹಾಸ ಕೊಟ್ಟು ಅದನ್ನು ಬೈಸೆಕ್ಟ್‌ನಿಂದ ಪತ್ತೆ ಮಾಡುವ ಅಭ್ಯಾಸವನ್ನೂ ಮಾಡಿಸಲಿ ಎಂದು ಕೋರುತ್ತೇನೆ. ಬಳಕೆದಾರರಲ್ಲಿಯೂ ಒಂದು ವಿನಂತಿ: ದೂರು ಬರೆಯುವಾಗ ‘ಕೆಲಸ ಮಾಡುತ್ತಿಲ್ಲ’ ಎನ್ನುವುದರ ಜೊತೆಗೆ, ಕೊನೆಯ ಬಾರಿ ಸರಿಯಿದ್ದ ಆವೃತ್ತಿ ಯಾವುದೆಂದು ಗೊತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದು ಆ ಒಂದು ಸಂಖ್ಯೆಯಿಂದ ನಿರ್ಧಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತಂತ್ರಾಂಶ ಎಂಜಿನಿಯರ್