ರಜೆಯಲ್ಲೂ ಶಾಲೆಯ ಗೇಟು ತೆಗೆಸಿ: ಶಿಕ್ಷಣ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಚಳಿಗಾಲದ ರಜೆ ಹತ್ತಿರ ಬಂತು. ಪ್ರತಿ ವರ್ಷದ ಹಾಗೆ ಈ ವರ್ಷವೂ ನಿಮ್ಮ ಇಲಾಖೆಯಿಂದ ಸುತ್ತೋಲೆ ಬರುತ್ತದೆ. ಯಾವತ್ತಿನಿಂದ ರಜೆ, ಮತ್ತೆ ಶಾಲೆ ಯಾವತ್ತು ಶುರು, ಅಷ್ಟೇ ಅದರಲ್ಲಿ ಇರುವುದು. ಆ ಎರಡು ತಾರೀಕುಗಳ ನಡುವೆ ಮಕ್ಕಳು ಎಲ್ಲಿರುತ್ತಾರೆ, ಏನು ಮಾಡುತ್ತಾರೆ, ಮಧ್ಯಾಹ್ನ ಏನು ತಿನ್ನುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇಷ್ಟು ವರ್ಷ ಇದನ್ನು ಸಹಿಸಿಕೊಂಡು ಬಂದೆ. ಈ ಸಲ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಪ್ರಾಥಮಿಕ ಶಾಲೆಗಳ ಗೇಟು ತೆಗೆಸಿ. ಮೈದಾನದಲ್ಲಿ ಆಡಲು ಬಿಡಿ. ಲೈಬ್ರರಿಯ ಬೀಗ ತೆಗೆಯಿರಿ. ಮಧ್ಯಾಹ್ನದ ಊಟಕ್ಕೆ ಶಾಲೆಯನ್ನೇ ನಂಬಿರುವ ಮಕ್ಕಳಿಗೆ ಊಟ ಕೊಡಿ. ಇಷ್ಟೇ.

ನಾನು ಇಬ್ಬರು ಮಕ್ಕಳ ತಾಯಿ. ಮಗಳು ನಾಲ್ಕನೇ ಕ್ಲಾಸು, ಮಗ ಎರಡನೇ ಕ್ಲಾಸು. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುವವರು. ಶಾಲೆಗೆ ರಜೆ ಬಂತು ಅಂತ ನಮ್ಮ ಕೆಲಸಕ್ಕೇನೂ ರಜೆ ಬರುವುದಿಲ್ಲ. ನಾನು ಮನೆಯಲ್ಲಿ ಉಳಿದರೆ ಆ ದಿನದ ಸಂಬಳ ಕಟ್. ಬೆಳಿಗ್ಗೆ ಅಡುಗೆ ಮಾಡಿಟ್ಟು, ಯಾರು ಬಂದರೂ ಬಾಗಿಲು ತೆಗೀಬೇಡಿ, ಒಲೆ ಹತ್ತಿರ ಹೋಗಬೇಡಿ, ಹೀಟರ್ ಮುಟ್ಟಬೇಡಿ ಎಂದು ಹೇಳಿ ಹೊರಡುತ್ತೇನೆ. ಒಂಬತ್ತು ವರ್ಷದವಳ ಮೇಲೆ ಏಳು ವರ್ಷದವನ ಜವಾಬ್ದಾರಿ. ಕೆಲಸದಲ್ಲಿ ಇದ್ದಷ್ಟು ಹೊತ್ತೂ ಮನಸ್ಸೆಲ್ಲ ಮನೆಯಲ್ಲೇ. ಮಗಳು ಫೋನ್ ಎತ್ತದಿದ್ದರೆ ಕೈಕಾಲು ತಣ್ಣಗಾಗುತ್ತದೆ. ಎತ್ತಿದರೆ ಹಿಂದಿನಿಂದ ವಿಡಿಯೋ ಸದ್ದು ಕೇಳಿಸುತ್ತದೆ. ಬೈಯಲು ಬಾಯಿ ಬರುವುದಿಲ್ಲ. ಹೊರಗೆ ಹೋಗಬೇಡಿ ಅಂದವಳು ನಾನೇ ಅಲ್ವಾ? ಮತ್ತಿನ್ನೇನು ಮಾಡಬೇಕು ಅವು?

ರಜೆ ಶುರುವಾಗಿ ಸ್ವಲ್ಪ ದಿನಕ್ಕೇ ಎಲ್ಲ ಏರುಪೇರು. ರಾತ್ರಿ ಮಲಗುವುದು ತಡ, ಬೆಳಿಗ್ಗೆ ಏಳುವುದು ತಡ, ಊಟಕ್ಕೆ ಹೊತ್ತುಗೊತ್ತಿಲ್ಲ. ಇಡೀ ದಿನ ಮೈ ದಣಿಯದಿದ್ದರೆ ಮಗುವಿಗೆ ನಿದ್ದೆ ಎಲ್ಲಿಂದ ಬರಬೇಕು? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ನಿದ್ದೆಯ ತಜ್ಞರು ಹೇಳುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಓಡಿ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇವೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮದು ಎರಡು ಕೋಣೆಯ ಮನೆ. ಮುಂದೆ ರಸ್ತೆ. ರಸ್ತೆಯಲ್ಲಿ ಗಾಡಿಗಳು. ಆ 60 ನಿಮಿಷ ನನ್ನ ಮಕ್ಕಳು ಎಲ್ಲಿ ಓಡಬೇಕು, ಹೇಳಿ.

ಓಡಲು ಜಾಗ ಇದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಅದೇ ಅವರ ಶಾಲೆಯ ಮೈದಾನ. ಅದಕ್ಕೆ ಬೀಗ ಹಾಕಿದ್ದಾರೆ.

ಕಳೆದ ಚಳಿಗಾಲದ ರಜೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ. ನಮ್ಮ ಬೀದಿಯ ಮಕ್ಕಳೆಲ್ಲ ಸೇರಿ ಒಂದು ದಿನ ಶಾಲೆಯ ಹಿಂದಿನ ಗೇಟಿನ ಸಂದಿಯಲ್ಲಿ ನುಸುಳಿ ಒಳಗೆ ಹೋಗಿದ್ದಾರೆ. ಕೈಯಲ್ಲಿ ಇದ್ದದ್ದು ಒಂದು ಚೆಂಡು. ಎಲ್ಲರೂ ಅದೇ ಶಾಲೆಯ ಮಕ್ಕಳು. ಅವತ್ತು ಯಾವುದೋ ಫೈಲು ತೆಗೆದುಕೊಳ್ಳಲು ಬಂದಿದ್ದ ಶಾಲೆಯವರೊಬ್ಬರು ಇವರನ್ನು ನೋಡಿದರು. ಗದರಿಸಿ ಮನೆಗೆ ಕಳಿಸಿದ್ದರೆ ನಾನು ಇವತ್ತು ಅದನ್ನು ಎತ್ತುತ್ತಿರಲಿಲ್ಲ. ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿಸಿದರು. ಕೆಲಸ ಬಿಟ್ಟು ಓಡಿ ಬಂದೆ. ಏನು ಅನಾಹುತ ಆಯಿತೋ ಎಂದು ದಾರಿಯುದ್ದಕ್ಕೂ ಎದೆ ಹೊಡೆದುಕೊಳ್ಳುತ್ತಿತ್ತು. ಬಂದು ನೋಡಿದರೆ ಮಕ್ಕಳು ತಣ್ಣನೆಯ ಜಗಲಿಯಲ್ಲಿ ಕೂತು ತಪ್ಪೊಪ್ಪಿಗೆ ಬರೆಯುತ್ತಿದ್ದಾರೆ. ಅನುಮತಿ ಇಲ್ಲದೆ ಶಾಲೆಯ ಆವರಣಕ್ಕೆ ಬಂದಿದ್ದೇವೆ, ಇನ್ನು ಮುಂದೆ ಬರುವುದಿಲ್ಲ ಎಂದು. ನನ್ನ ಮಗನಿಗೆ ಅನುಮತಿ ಎಂದು ಬರೆಯಲು ಬರುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಅದರ ಕೆಳಗೆ ನನ್ನ ಸಹಿ ತೆಗೆದುಕೊಂಡರು.

ಸಚಿವರೇ, ಶಾಲೆಗೆ ಬಂದೆವು ಎಂಬ ತಪ್ಪಿಗೆ ಆರು ವರ್ಷದ ಮಗುವಿನ ಕೈಯಲ್ಲಿ ಮುಚ್ಚಳಿಕೆ ಬರೆಸಿದ್ದಾರೆ. ಶಾಲೆಗೆ ಬನ್ನಿ ಬನ್ನಿ ಎಂದು ಗೋಡೆ ತುಂಬಾ ಬರೆಸುವವರೂ ನೀವೇ.

ಅದೇ ವಾರ ಅದೇ ಮೈದಾನದಲ್ಲಿ ಹೊರಗಿನವರ ಯಾವುದೋ ಸಮಾರಂಭದ ಕಾರುಗಳು ಸಾಲಾಗಿ ನಿಂತಿದ್ದವು. ಮುಂದಿನ ಗೇಟು ಪೂರ್ತಿ ತೆರೆದಿತ್ತು. ಹೋಗಿ ಕೇಳಿದೆ. ಅದಕ್ಕೆ ಪರ್ಮಿಷನ್ ಇದೆ ಎಂದರು. ಅಂದರೆ ಬೀಗದ ಕೈ ಕಳೆದುಹೋಗಿರಲಿಲ್ಲ. ಕಾವಲಿಗೆ ಜನರೂ ಇದ್ದರು. ಮಕ್ಕಳಿಗೆ ಮಾತ್ರ ಜಾಗ ಇರಲಿಲ್ಲ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋದೆ, ಲಿಖಿತವಾಗಿ ಕೊಡಿ ಎಂದರು. ಕೊಟ್ಟೆ. ಆಮೇಲೆ ಕೇಳಿದರೆ, ಮೇಲಿನಿಂದ ಆದೇಶ ಬಂದರೆ ನಾವು ತೆಗೆಯುತ್ತೇವಮ್ಮ, ನಮ್ಮ ಕೈಯಲ್ಲಿ ಏನಿದೆ ಎಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಆ ಮೇಲಿನವರು ನೀವೇ. ರಜೆಯಲ್ಲಿ ಶಾಲಾ ಆವರಣ ಯಾರ ಸುಪರ್ದಿಯಲ್ಲಿರುತ್ತದೆ, ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬ ನಿಯಮಗಳನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಗೇಟಿಗೆ ಬೀಗ ಹಾಕುವ ಇದೇ ವ್ಯವಸ್ಥೆ ಮಕ್ಕಳ ಬ್ಯಾಗಿಗೆ ಮಾತ್ರ ರಾಶಿ ಹೋಂವರ್ಕ್ ತುಂಬಿ ಕಳಿಸುತ್ತದೆ. ಪಾಠಗಳನ್ನು ಎರಡೆರಡು ಸಲ ಕಾಪಿ ಮಾಡು. ಮಗ್ಗಿಯನ್ನು ಹತ್ತು ಸಲ ಬರೆ. ಪ್ರಶ್ನೋತ್ತರ ಮತ್ತೆ ಬರೆ. ರಜೆಯ ಕೊನೆಯ ರಾತ್ರಿ ನಮ್ಮ ಮನೆಯಲ್ಲಿ ಅಳು, ಕೂಗಾಟ. ಹೋದ ಸಲ ಮಗಳಿಗೆ ಜ್ವರ. ಮೈ ಸುಡುತ್ತಿದ್ದರೂ ಬರೆಯುತ್ತೇನೆ ಎಂದು ಹಟ ಹಿಡಿದಳು. ಬರೆಯದಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಾರೆ ಎಂಬ ಭಯ. ಆ ನೋಟ್‌ಬುಕ್ಕನ್ನು ಯಾರೂ ಓದಲಿಲ್ಲ. ಪ್ರತಿ ಪುಟಕ್ಕೂ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು.

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬ ಮಾತು ಸುಳ್ಳಲ್ಲ. 1996ರಲ್ಲಿ ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು 39 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಉದ್ದದ ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ, ಓದಿಗಿಂತ ಲೆಕ್ಕದಲ್ಲಿ ಜಾಸ್ತಿ ಎಂದರು. ಚಳಿಗಾಲದ ರಜೆ ಅದಕ್ಕಿಂತ ಎಷ್ಟೋ ಚಿಕ್ಕದು. ಅದಕ್ಕೆ ನೂರಾರು ಸಾಲು ಕಾಪಿ ಯಾಕೆ? ಮಗುವಿಗೆ ಬೇಕಾಗಿರುವುದು ಪುಸ್ತಕ. ಅದರಲ್ಲೂ ತಾನೇ ಆರಿಸಿಕೊಂಡ ಪುಸ್ತಕ. ಅಮೆರಿಕದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ತಂಡ ಬಡ ಕುಟುಂಬಗಳ ಪ್ರಾಥಮಿಕ ಶಾಲಾ ಮಕ್ಕಳಿಗೆ ಸತತ ಮೂರು ಬೇಸಿಗೆ ರಜೆ, ಪ್ರತಿ ರಜೆಗೂ ಅವರೇ ಆರಿಸಿದ 12 ಪುಸ್ತಕ ಕೊಟ್ಟು ನೋಡಿತು. ಪುಸ್ತಕ ಸಿಗದ ಮಕ್ಕಳಿಗಿಂತ ಇವರ ಓದು ಮುಂದಿತ್ತು. 2010ರಲ್ಲಿ ಅದು ಪ್ರಕಟವಾಗಿದೆ. ಅದರಲ್ಲಿ ಕಾಪಿ ಇರಲಿಲ್ಲ, ಪರೀಕ್ಷೆಯ ಭಯ ಇರಲಿಲ್ಲ.

ನಮ್ಮ ಮಕ್ಕಳ ಶಾಲೆಯಲ್ಲೂ ಲೈಬ್ರರಿ ಇದೆ. ಬಾಗಿಲ ಮೇಲೆ ಬೋರ್ಡಿದೆ, ಒಳಗೆ ಪುಸ್ತಕಗಳಿವೆ. ಮಕ್ಕಳಿಗೆ ಓದಲು ಹೊತ್ತು ಸಿಗುವ ಕಾಲಕ್ಕೆ ಸರಿಯಾಗಿ ಅದಕ್ಕೂ ಬೀಗ. ರಜೆಗೆ ಮುಂಚೆ ಪ್ರತಿ ಮಗುವಿಗೆ ಎರಡು ಪುಸ್ತಕ ಕೊಟ್ಟು ಕಳಿಸಿದರೆ ಕಳೆದುಹೋಗುತ್ತವೆ, ಹರಿದುಹೋಗುತ್ತವೆ ಎನ್ನುತ್ತಾರೆ. ಹರಿಯಲಿ. ಮಕ್ಕಳು ಓದಿ ಹರಿದ ಪುಸ್ತಕ ಕಪಾಟಿನಲ್ಲಿ ಗೆದ್ದಲು ತಿಂದ ಪುಸ್ತಕಕ್ಕಿಂತ ಸಾವಿರ ಪಾಲು ಮೇಲು.

ಇನ್ನೊಂದು ಮಾತು ಯಾವಾಗಲೂ ಕೇಳುತ್ತೇನೆ. ಚಳಿಯಲ್ಲಿ ಮಕ್ಕಳನ್ನು ಹೊರಗೆ ಬಿಟ್ಟರೆ ನೆಗಡಿ ಆಗುತ್ತೆ, ಒಳಗಿದ್ದರೇ ಕ್ಷೇಮ ಎಂದು. ಆದರೆ ನೆಗಡಿ, ಫ್ಲೂ ಬರುವುದು ವೈರಸ್‌ಗಳಿಂದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತರೆ ಅವು ಇನ್ನೂ ಸುಲಭವಾಗಿ ಹರಡುತ್ತವೆ. ಬೆಚ್ಚಗೆ ಬಟ್ಟೆ ಹಾಕಿ ಹೊರಗೆ ಆಡಿಸಿ, ಬಂದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಸಿದರೆ ಸಾಕು. ಚಳಿ ಎಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಒಳಗೆ ಕೆಂಡ ಹಾಕಿಡುವ ಮನೆಗಳೂ ಇವೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಂಥ ಕೋಣೆಯಲ್ಲಿ ಮಕ್ಕಳು ಮಲಗಿದರೆ ಜೀವಕ್ಕೇ ಅಪಾಯ. ಇಂಥ ಎರಡು ಮಾತು ಆ ಸುತ್ತೋಲೆಯಲ್ಲಿ ಇದ್ದರೆ ಏನು ಕಷ್ಟವಾಗುತ್ತಿತ್ತು?

ಕಣ್ಣಿನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಮಗಳಿಗೆ ಈ ವರ್ಷ ಕನ್ನಡಕ ಬಂದಿದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಶಾಲೆಯ ದಿನಗಳಲ್ಲಿ ಹೆಚ್ಚಿಗೆ 40 ನಿಮಿಷ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊರಗೆ ಹೋದವರಲ್ಲಿ ಶೇಕಡಾ 30.4 ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂತು. ಹಾಗೆ ಹೆಚ್ಚಿಗೆ ಹೊರಗೆ ಬಿಡದವರಲ್ಲಿ ಶೇಕಡಾ 39.5. ಈ ಅಧ್ಯಯನ 2015ರಲ್ಲಿ ಬಂದಿದೆ. ತೈವಾನ್ 2010ರಿಂದಲೇ ಮಕ್ಕಳು ದಿನಕ್ಕೆ 120 ನಿಮಿಷ ಹೊರಗೆ ಬೆಳಕಿನಲ್ಲಿ ಇರಲಿ ಎಂದು ಶಾಲೆಗಳ ಮೂಲಕವೇ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿ ಸರ್ಕಾರ ಮಕ್ಕಳನ್ನು ಹೊರಗೆ ಕರೆಯುತ್ತಿದೆ. ಇಲ್ಲಿ ಹೊರಗೆ ಬಂದ ಮಕ್ಕಳಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದಾರೆ.

ಊಟದ ವಿಷಯ ಎಲ್ಲಕ್ಕಿಂತ ದೊಡ್ಡದು. ನನ್ನ ಮಕ್ಕಳಿಗೆ ನಾನು ಹೇಗೋ ಮಾಡಿಡುತ್ತೇನೆ. ಅದೂ ಆಗದ ಮನೆಗಳಿವೆ. ವಿಶ್ವ ಆಹಾರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 41.8 ಕೋಟಿ ಮಕ್ಕಳು ಶಾಲೆಯ ಊಟ ಉಣ್ಣುತ್ತಿದ್ದರು. ಎಷ್ಟೋ ಮಕ್ಕಳಿಗೆ ದಿನದ ಒಳ್ಳೆಯ ಊಟ ಅದೊಂದೇ. ಶಾಲೆಗೆ ರಜೆ ಎಂದು ಹಸಿವಿಗೂ ರಜೆ ಇರುತ್ತದೆಯೇ? ಮಗಳ ಗೆಳತಿಯೊಬ್ಬಳು ರಜೆಯ ದಿನಗಳಲ್ಲಿ ಸರಿಯಾಗಿ ಮಧ್ಯಾಹ್ನದ ಹೊತ್ತಿಗೇ ನಮ್ಮ ಮನೆಗೆ ಆಡಲು ಬರುತ್ತಿದ್ದಳು. ಯಾಕೆ ಆ ಹೊತ್ತಿಗೇ ಬರುತ್ತಾಳೆ ಎಂದು ಮಗಳಿಗೆ ಅರ್ಥವಾಗಿತ್ತು. ತನ್ನ ತಟ್ಟೆಯಲ್ಲಿ ಅರ್ಧ ಕೊಡುತ್ತಿದ್ದಳಂತೆ. ನನಗೆ ಗೊತ್ತಾದದ್ದು ರಜೆ ಮುಗಿದ ಮೇಲೆ.

ಇದನ್ನು ಮಾಡಲು ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಭಾರತದ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಬರ ಬಿದ್ದ ಕಡೆಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಕೊಡಿ ಎಂದು ಆದೇಶ ಮಾಡಿತ್ತು. ಇಂಗ್ಲೆಂಡ್‌ನಲ್ಲಿ 2020ರ ಜೂನ್‌ನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಸಂಸದರಿಗೆ ಬಹಿರಂಗ ಪತ್ರ ಬರೆದರು. ಬೇಸಿಗೆ ರಜೆಯಲ್ಲಿ ಬಡ ಮಕ್ಕಳ ಊಟ ನಿಲ್ಲಿಸಬೇಡಿ ಎಂದು ಕೇಳಿದರು. ಮೊದಲು ಆಗಲ್ಲ ಎಂದಿದ್ದ ಸರ್ಕಾರ ಮರುದಿನವೇ ಒಪ್ಪಿತು. ಮುಂದಿನ ರಜೆಗಳಿಗೂ ಕೊಡಿ ಎಂದಾಗ ಅಕ್ಟೋಬರ್‌ನಲ್ಲಿ ಸಂಸತ್ತು ಆ ಗೊತ್ತುವಳಿಯನ್ನು ಸೋಲಿಸಿತು. ನವೆಂಬರ್‌ಗೆ ಸರ್ಕಾರ ಮತ್ತೆ ದಾರಿಗೆ ಬಂತು. 2021ರಿಂದ ಅಲ್ಲಿ ಇಡೀ ದೇಶಕ್ಕೆ ರಜಾ ಚಟುವಟಿಕೆ ಮತ್ತು ಊಟದ ಕಾರ್ಯಕ್ರಮ ವಿಸ್ತರಿಸಿದೆ. ಬೇಸಿಗೆ, ಈಸ್ಟರ್ ರಜೆಯ ಜೊತೆಗೆ ಕ್ರಿಸ್‌ಮಸ್ ರಜೆಯೂ ಅದರಲ್ಲಿ ಸೇರಿದೆ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ನಾಲ್ಕು ದಿನ. ಆಟ ಇದೆ, ಊಟ ಇದೆ. ನಾನು ಕೇಳುತ್ತಿರುವ ನಾಲ್ಕು ಗಂಟೆ ಆಕಾಶದಿಂದ ಇಳಿದ ಲೆಕ್ಕ ಅಲ್ಲ.

ಶಿಕ್ಷಕರ ರಜೆ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅವರಿಗೂ ಮನೆ ಮಕ್ಕಳಿದ್ದಾರೆ, ಅವರಿಗೂ ಸಾಕಾಗಿರುತ್ತದೆ. ಸ್ಥಳೀಯ ಯುವಕ ಯುವತಿಯರನ್ನು ವಿಚಾರಿಸಿ, ಗೌರವಧನ ಕೊಟ್ಟು ನೇಮಿಸಿ. ಪೋಷಕರೂ ಸರದಿಯಲ್ಲಿ ಬರುತ್ತೇವೆ, ನಾನೇ ನನ್ನ ವಾರದ ರಜೆಯ ದಿನ ಬಂದು ಕೂರುತ್ತೇನೆ. ಅಪಾಯ ಆದರೆ ಹೊಣೆ ಯಾರು ಎಂದು ನಿಮ್ಮ ಅಧಿಕಾರಿಗಳು ಕೇಳುತ್ತಾರೆ. ಬೀಗ ಹಾಕಿದ ಮನೆಯೊಳಗೆ ಒಲೆ, ಹೀಟರ್ ಜೊತೆ ಇಬ್ಬರು ಮಕ್ಕಳು ಇಡೀ ದಿನ ಇರುತ್ತಾರಲ್ಲ, ಅಲ್ಲಿ ಏನಾದರೂ ಆದರೆ ಯಾರು ಹೊಣೆ? ಅದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಆಡುವುದು, ವಿಶ್ರಾಂತಿ ಪಡೆಯುವುದು ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಮಕ್ಕಳ ದಿನದಂದು ನೀವೆಲ್ಲ ಮಾಡುವ ಭಾಷಣಗಳಲ್ಲಿ ಹಕ್ಕಿನ ಮಾತು ಬರುತ್ತಲೇ ಇರುತ್ತದೆ. ಭಾಷಣ ಬೇಡ ಸಚಿವರೇ. ಗೇಟು ತೆಗೆಸಿ.

ಆದೇಶ ರಜೆ ಶುರುವಾಗುವ ಮೊದಲೇ ಬರಬೇಕು, ರಜೆ ಮುಗಿದ ಮೇಲೆ ಬಂದರೆ ಪ್ರಯೋಜನವಿಲ್ಲ. ಅದರಲ್ಲಿ ನಾಲ್ಕು ಗಂಟೆ ಮೈದಾನ ಮತ್ತು ಲೈಬ್ರರಿ ತೆರೆದಿರಬೇಕು ಎಂದು ಬರೆದಿರಲಿ. ಊಟ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದಿರಲಿ. ಕಾಪಿ ಬರೆಸುವ ಹೋಂವರ್ಕ್ ಬೇಡ, ಪುಸ್ತಕ ಕೊಟ್ಟು ಕಳಿಸಿ ಎಂದು ಬರೆದಿರಲಿ. ಮಕ್ಕಳಿಂದ ಬರೆಸಿಕೊಂಡ ಆ ತಪ್ಪೊಪ್ಪಿಗೆಗಳು ಇನ್ನೂ ಯಾವುದೋ ಫೈಲಿನಲ್ಲಿ ಇದ್ದರೆ ಅವನ್ನು ನಮಗೆ ವಾಪಸ್ ಕೊಡಿಸಿ. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ನನ್ನ ಹತ್ತಿರ ಆಗಲೇ ಇದೆ, ಮತ್ತೊಂದು ಬೇಡ. ಯಾವ ತಾರೀಕಿನಿಂದ ಗೇಟು ತೆರೆದಿರುತ್ತದೆ ಎಂದು ಹೇಳಿ.

ಇಂತಿ,
ಪ್ರಾಥಮಿಕ ಶಾಲೆಯ ಇಬ್ಬರು ಮಕ್ಕಳ ತಾಯಿ