ಜಗ್ಗುವ ಟ್ರಾಕ್ಟರಿನ ಇಂಜಿನ್: ದೀಪಾವಳಿಯಿಂದ ಹೊಸ ಕ್ರಮ

ಆತ್ಮೀಯ ಗ್ರಾಹಕರೇ,

ದೀಪಾವಳಿ ಕಳೆದ ಮೇಲೆ ನಮ್ಮ ವರ್ಕ್‌ಶಾಪಿನಲ್ಲಿ ಬರೀ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಏರಿಸಿ ಕೊಡುವ ಕೆಲಸ ಇರುವುದಿಲ್ಲ. ಭಾರದ ಬಂಡಿ ಜಗ್ಗುವ ಸ್ಪರ್ಧೆಯ ಟ್ರಾಕ್ಟರಿಗೆ ಆರು ಸಿಲಿಂಡರಿನ ಇಂಜಿನ್ ಮಾತ್ರ ಮಾಡುತ್ತೇವೆ, ಅದೂ ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿನಿಂದ ಹಿಡಿದು ಪೂರ್ತಿ ಬಿಚ್ಚಿ ಕಟ್ಟಿ. ಖರ್ಚೂ ಜಾಸ್ತಿ, ಕಾಯುವುದೂ ಜಾಸ್ತಿ. ಯಾಕೆ ಅಂತ ಹೇಳಲೇಬೇಕು ಅಲ್ವಾ?

ಗದ್ದೆ ಉಳುವ ಟ್ರಾಕ್ಟರಿನ ಇಂಜಿನನ್ನು ಸಾಮಾನ್ಯವಾಗಿ 2000ದಿಂದ 2200 ಆರ್‌ಪಿಎಂ ಲೆಕ್ಕದಲ್ಲಿ ಮಾಡಿರುತ್ತಾರೆ. ಅದನ್ನು ಮೀರದಂತೆ ಗವರ್ನರ್ ಡೀಸೆಲ್ ತಡೆಯುತ್ತದೆ. ಸ್ಕ್ರೂ ತಿರುಗಿಸಿದರೆ ಇಂಜಿನ್ ಜೋರಾಗಿ ತಿರುಗುವುದು ನಿಜ, ಆದರೆ ಒಳಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡು, ಬೋಲ್ಟು, ವಾಲ್ವ್ ಸ್ಪ್ರಿಂಗು ಹಳೆಯವೇ. ಆರ್‌ಪಿಎಂ ಎರಡು ಪಟ್ಟಾದರೆ ರಾಡಿನ ಮೇಲೆ ಬೀಳುವ ಎಳೆತ ನಾಲ್ಕು ಪಟ್ಟು. ಡೀಸೆಲ್ ಉರಿಯಲು ಸಿಗುವ ಸಮಯ ಮಾತ್ರ ಅರ್ಧ. ಅದಕ್ಕೇ ಕಪ್ಪು ಹೊಗೆ ಬರುವುದು. ಹೊಗೆ ನೋಡಿ ಶಿಳ್ಳೆ ಹೊಡೆಯುವವರಿಗೆ ಇದು ಗೊತ್ತಿಲ್ಲ ಬಿಡಿ.

ಆರು ಸಿಲಿಂಡರೇ ಯಾಕೆ? ಮೂರು ಸಿಲಿಂಡರಿನ ಇಂಜಿನ್ ಹಿಂದೆ ಮುಂದೆ ತೂಗಾಡುತ್ತದೆ. ನಾಲ್ಕರದ್ದು ಪ್ರತಿ ಸುತ್ತಿನಲ್ಲಿ ಎರಡು ಸಲ ಮೇಲೆ ಕೆಳಗೆ ನಡುಗುತ್ತದೆ. ಸಾಲಿನಲ್ಲಿ ಆರು ಇದ್ದರೆ ಈ ಎರಡೂ ನಡುಕ ತಮ್ಮಲ್ಲೇ ವಜಾ ಆಗಿಬಿಡುತ್ತವೆ. ಆದರೆ ಅದರ ಕ್ರ್ಯಾಂಕ್ ಉದ್ದ. ಜೋರಾಗಿ ತಿರುಗುವಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಮುಂದಿನ ತುದಿಯ ಡ್ಯಾಂಪರ್ ಇರುವುದು ಇದನ್ನು ತಡೆಯಲಿಕ್ಕೇ. ಹಳೇ ಇಂಜಿನ್ನಿನಲ್ಲಿ ಅದರ ರಬ್ಬರ್ ಒಣಗಿದ್ದರೆ ಬದಲಿಸದೆ ನಾವು ಮುಂದಕ್ಕೆ ಹೋಗುವುದಿಲ್ಲ.

ಹಳೇ ಟಾಟಾ ಲಾರಿಯ 697 ಇಂಜಿನ್ ತರುವವರಿದ್ದೀರಿ. ಒಳ್ಳೇ ಇಂಜಿನ್. ಬೋರ್ (ಸಿಲಿಂಡರಿನ ಅಗಲ) 97 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಒಮ್ಮೆ ಓಡುವ ದೂರ) 128 ಮಿ.ಮೀ. ತೊಡಕಿರುವುದು ಆ ಉದ್ದ ಸ್ಟ್ರೋಕಿನಲ್ಲಿ. 2800 ಆರ್‌ಪಿಎಂನಲ್ಲಿ ಪಿಸ್ಟನ್ ಸರಾಸರಿ ಸೆಕೆಂಡಿಗೆ 12 ಮೀಟರ್ ಓಡುತ್ತದೆ, 4000ದಲ್ಲಿ 17 ಮೀಟರ್. ರಾಡಿನ ಬೋಲ್ಟಿಗೆ ಆಗಲೇ ಎರಡು ಪಟ್ಟು ಭಾರ. ಹಾಗಾಗಿ 4000ಕ್ಕೆ ಪಂಪ್ ಸೀಲ್ ಮಾಡಿ ಕೊಡುತ್ತೇವೆ. ಸೀಲ್ ಒಡೆದರೆ ನಮ್ಮ ಗ್ಯಾರಂಟಿ ಮುಗಿಯಿತು. ಅಮೆರಿಕ, ಯುರೋಪಿನ ದೊಡ್ಡ ಸ್ಪರ್ಧೆಗಳಲ್ಲಿ ಇದಕ್ಕೂ ಮೇಲೆ ಓಡಿಸುತ್ತಾರೆ, ಒಪ್ಪಿದೆ. ಅಲ್ಲಿ ಕ್ರ್ಯಾಂಕ್, ರಾಡುಗಳನ್ನು ಗಟ್ಟಿ ಉಕ್ಕಿನಲ್ಲೇ ಕಡೆದಿರುತ್ತಾರೆ. ನಮ್ಮದು ಲಾರಿಯಿಂದ ಇಳಿಸಿದ ಇಂಜಿನ್.

ಇನ್ನು ಮೇಲೆ ಪ್ರತಿ ಕ್ರ್ಯಾಂಕ್ ಮತ್ತು ರಾಡಿಗೆ ಕ್ರ್ಯಾಕ್ ಟೆಸ್ಟ್ ಆಗುತ್ತದೆ. ಆರೂ ಪಿಸ್ಟನ್, ಆರೂ ರಾಡು ತೂಗಿ ಸಮ ಮಾಡುತ್ತೇವೆ. ಕ್ರ್ಯಾಂಕ್, ಅದರ ತುದಿಯ ಭಾರದ ಚಕ್ರವಾದ ಫ್ಲೈವೀಲ್, ಕ್ಲಚ್ ಕೂಡಿಸಿ ಬ್ಯಾಲೆನ್ಸ್ ಮಾಡಿಸುತ್ತೇವೆ. ರಾಡಿನ ಬೋಲ್ಟ್ ಹೊಸದೇ ಬೇಕು. ವಾಲ್ವ್ ಸ್ಪ್ರಿಂಗ್ ಗಟ್ಟಿಯದು ಹಾಕುತ್ತೇವೆ, ಇಲ್ಲದಿದ್ದರೆ ಆ ಓಟದಲ್ಲಿ ವಾಲ್ವ್ ಮುಚ್ಚುವ ಮೊದಲೇ ಪಿಸ್ಟನ್ ಬಂದು ಬಡಿಯುತ್ತದೆ. ಬೀಡು ಕಬ್ಬಿಣದ ಫ್ಲೈವೀಲ್ ಬೇಡ, ಸ್ಟೀಲಿನದ್ದೇ ಆಗಬೇಕು. ಬೀಡು ಒಡೆದರೆ ಚೂರು ಜನರ ಮೇಲೆ ಹಾರುತ್ತದೆ. ಈ ವಿಷಯದಲ್ಲಿ ದಯವಿಟ್ಟು ಚೌಕಾಸಿಗೆ ಬರಬೇಡಿ.

ಗಾಳಿ ಬಂದ್ ಮಾಡುವ ವಾಲ್ವ್ ಕೂಡ ಕಡ್ಡಾಯ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಸೀಲ್ ಹೋಗಿ ಆಯಿಲ್ ಒಳಗೆ ನುಗ್ಗಿದರೆ ಇಂಜಿನ್ ಆ ಆಯಿಲಿನಲ್ಲೇ ಓಡುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿ ಕಟ್ ಮಾಡಿದರೆ ಮಾತ್ರ ನಿಲ್ಲುತ್ತದೆ. ಅದರ ಹಗ್ಗವನ್ನು ಹಿಂದಿನ ಬಂಡಿಗೆ ಕಟ್ಟಿ, ಕೊಂಡಿ ಕಳಚಿದರೆ ತಾನಾಗಿ ಎಳೆಯುವಂತೆ ಮಾಡಿಕೊಡುತ್ತೇವೆ.

ಮಳೆಗಾಲದ ನಾಟಿ ಹೊತ್ತಿನಲ್ಲಿ ಸ್ಪರ್ಧೆಯ ಇಂಜಿನ್ ಮುಟ್ಟುವುದಿಲ್ಲ. ಆಗ ಗದ್ದೆ ಟ್ರಾಕ್ಟರುಗಳೇ ಮೊದಲು. ನಾಝಲ್, ಬೋರ್, ಹೆಡ್ ಕೆಲಸ ಎಂದಿನಂತೆ ನಡೆಯುತ್ತದೆ, ದರವೂ ಅದೇ. ಇಂಜಿನ್ ಬದಲಿಸಿದ ಟ್ರಾಕ್ಟರನ್ನು ರಸ್ತೆಗೆ ಇಳಿಸಬೇಕಾದರೆ ಆರ್‌ಟಿಓ ಒಪ್ಪಿಗೆ ನೀವೇ ಪಡೆಯಬೇಕು.

ಸ್ಕ್ರೂ ಕೆಲಸಕ್ಕೆ ಮುಂಗಡ ಕೊಟ್ಟವರು ಹಣ ವಾಪಸ್ ಪಡೆಯಬಹುದು, ಇಲ್ಲವೇ ಹೊಸ ಕೆಲಸಕ್ಕೆ ಜಮಾ ಮಾಡಬಹುದು. ದರವನ್ನು ಇಂಜಿನ್ ಬಿಚ್ಚಿ ನೋಡಿದ ಮೇಲೆ ಬರೆದು ಕೊಡುತ್ತೇವೆ. ಬರುವಾಗ ಪಂಪ್ ಜೊತೆಗೇ ತನ್ನಿ.

ಇಂತಿ,
ವರ್ಕ್‌ಶಾಪ್ ಬಳಗ
ಆಟೋ ಕಾಂಪ್ಲೆಕ್ಸ್, ಶಿವಮೊಗ್ಗ