ಗೋವಿನ ಹಾಡು: ಮೊದಲು ಕಥೆ, ಆಮೇಲೆ ರಾಗ

ಮಾನ್ಯರೇ,

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಗಳಲ್ಲಿ ಗೋವಿನ ಹಾಡು ಎಷ್ಟೋ ಸಲ ಕಂಠಪಾಠದಲ್ಲೇ ಮುಗಿಯುತ್ತದೆ. ರಾಗ ಬಾಯಿಗೆ ಹತ್ತುತ್ತದೆ, ಕಥೆ ಒಳಗಿಳಿಯುವುದಿಲ್ಲ. ಹಾಡಿಸುವ ಮೊದಲು ಎರಡು ದಿನ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಶಿಕ್ಷಕರು ಹಿಂದಿನ ದಿನವೇ ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಲಿ. ಉಸಿರು ಎಲ್ಲಿ ಸಾಲದೆಂಬುದು ಕಣ್ಣಲ್ಲೇ ಓದಿದರೆ ತಿಳಿಯದು. ಮುಂಚಿತವಾಗಿ ‘ದೊಡ್ಡಿ’, ‘ಗೊಲ್ಲ’ದಂಥ ಮೂರ್ನಾಲ್ಕು ಪದ ಬಿಡಿಸಿದರೆ ಸಾಕು. ಹತ್ತಾದರೆ ಅದು ಪಾಠವೇ. ಮಕ್ಕಳು ನೆಲದ ಮೇಲೆ ಅರ್ಧವೃತ್ತವಾಗಿ ಕೂರಲಿ. ಕಿಟಕಿ ಓದುವವರ ಬೆನ್ನಿಗಿದ್ದರೆ ಮುಖ, ಚಿತ್ರ ಎರಡೂ ಕಪ್ಪಾಗಿ ಕಾಣುತ್ತವೆ.

ಸಾಲಿಗೊಂದು ಪ್ರಶ್ನೆ ಕೇಳಿದರೆ ಕಥೆಯ ಎಳೆ ಹರಿಯುತ್ತದೆ. ಎರಡೇ ಕಡೆ ನಿಲ್ಲಿ: ಹುಲಿ ಅಡ್ಡಗಟ್ಟಿದಾಗ, ಹಸು ಕರುವನ್ನು ಬಿಟ್ಟು ಹೊರಟಾಗ. ‘ಮುಂದೇನಾಗಬಹುದು?’ ಎಂದು ಕೇಳಿ, ಬಂದ ಉತ್ತರಕ್ಕೆ ಸರಿ-ತಪ್ಪು ಹಚ್ಚದೆ ಮುಂದುವರಿಯಿರಿ. ಹುಲಿಗೆ ಘರ್ಜನೆ ಬೇಡ, ದನಿ ತಗ್ಗಿಸಿ ನಿಧಾನಿಸಿ. ಅರಚಿದರೆ ದೊಡ್ಡವರು ನಗುತ್ತಾರೆ, ಒಂದನೇ ತರಗತಿಯ ಪುಟಾಣಿ ಅಳುತ್ತದೆ. ಆ ದಿನದ ಓದು ಅಲ್ಲಿಗೇ ಮುಗಿಯಿತು!

ಹುಲಿ ಸಾಯುವ ಕೊನೆಯನ್ನು ‘ಮಕ್ಕಳಿಗೆ ಬೇಡ’ವೆಂದು ಕತ್ತರಿಸುವವರಿದ್ದಾರೆ. ಅದು ತಪ್ಪು. ಆ ಸಾವಿಲ್ಲದೆ ಹಸು ಕೊಟ್ಟ ಮಾತಿಗೆ ತೂಕವೇ ಇರದು. ಓದಿ ಮುಗಿಸಿ, ಪುಸ್ತಕ ಮುಚ್ಚಿ, ಅರ್ಧ ನಿಮಿಷ ಸುಮ್ಮನಿರಿ. ನೀತಿ ಹೇಳುವ ಅವಸರ ಬೇಡ. ಮರುದಿನ ಅದೇ ಕಥೆಯನ್ನು ಮತ್ತೆ ಓದುವಾಗ ಪ್ರಶ್ನೆಗಳು ಮಕ್ಕಳಿಂದಲೇ ಬರುತ್ತವೆ.

– ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು